ಎಲ್‌ಎಲ್‌ಎಂ ಈಗಲೇ ಮಾಡಲಾ, ಇಲ್ಲಾ ಕಾರವಾರದಲ್ಲಿ ಕರಿಕೋಟು ಹಾಕಲಾ?

ಬಾಡದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನನ್ನದು ಮೂರು ವರ್ಷದ ಎಲ್‌ಎಲ್‌ಬಿ, ಕೊನೆಯ ಸೆಮಿಸ್ಟರ್. ಊರು ಕುಮಟಾ ಹತ್ತಿರದ ಬಾಡ, ಓದುತ್ತಿರುವುದು ಶಿರಸಿಯಲ್ಲಿ. ಮುಂದೇನು ಅಂತ ಮನೆಯಲ್ಲಿ ದಿನಾ ಚರ್ಚೆ. ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ, ಮಾಡಿದರೆ ಜಡ್ಜ್ ಪರೀಕ್ಷೆ ಸುಲಭ ಅನ್ನುವುದು ಅಪ್ಪನ ಲೆಕ್ಕ. ಬೆಂಗಳೂರಿನಲ್ಲಿರುವ ಸೋದರಮಾವ ಕಾರ್ಪೊರೇಟ್ ಲಾ ತಗೋ, ದುಡ್ಡು ಅಲ್ಲೇ ಇದೆ ಅನ್ನುತ್ತಾರೆ. ನನಗೆ ಇಷ್ಟ ಇರುವುದು ಜಮೀನು, ಅರಣ್ಯ, ಕರಾವಳಿಯ ವಿಷಯ. ಅಪ್ಪನ ಕಿರಾಣಿ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಸಕ್ಕರೆ ಜೊತೆಗೆ ಒಂದು ಪಹಣಿಯನ್ನೂ ಹಿಡಿದುಕೊಂಡೇ ಬರುತ್ತಾರೆ, "ನಿನ್ನ ಮಗಳಿಗೆ ಸ್ವಲ್ಪ ತೋರಿಸು" ಅಂತ.

ಒಂದು ವರ್ಷದ ಕೋರ್ಸಾ, ಎರಡು ವರ್ಷದ್ದಾ? ಹುಬ್ಬಳ್ಳಿ-ಧಾರವಾಡವಾ, ಬೆಂಗಳೂರಾ, ಗೋವಾನಾ? ದೊಡ್ಡ ಸಾಲ ಮಾಡುವ ಮನಸ್ಸಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಸದಾಶಿವಗಡ:
ತಂಗಿ, ಮೊದಲು ಅಪ್ಪನ ಲೆಕ್ಕ ನೋಡೋಣ. ನಾನು ಕಾರವಾರದಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಸಿವಿಲ್ ಜಡ್ಜ್ ಹುದ್ದೆಗೆ ಬೇಕಾಗಿರುವುದು ಎಲ್‌ಎಲ್‌ಬಿ. ಎಲ್‌ಎಲ್‌ಎಂ ಬೇಕು ಅಂತ ಎಲ್ಲೂ ಇಲ್ಲ. ಇದ್ದರೆ ಕೆಲಸ ಸಿಕ್ಕ ಮೇಲೆ ಇನ್‌ಕ್ರಿಮೆಂಟಿನಲ್ಲಿ ಲಾಭವಿದೆ, ಅದು ಬೇರೆ ಮಾತು.

ಇದಕ್ಕಿಂತ ದೊಡ್ಡ ವಿಷಯ 2025ರ ಮೇ 20ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಸಿವಿಲ್ ಜಡ್ಜ್ ಪರೀಕ್ಷೆಗೆ ಕೂರಲು ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಅನ್ನುವ ಹಳೆಯ ನಿಯಮ ಅದರಿಂದ ಮತ್ತೆ ಬಂತು. 2002ರಲ್ಲಿ ಅದನ್ನು ತೆಗೆದಿದ್ದರು. ಪ್ರಾವಿಷನಲ್ ಎನ್‌ರೋಲ್‌ಮೆಂಟ್, ಅಂದರೆ ವಕೀಲರಾಗಿ ತಾತ್ಕಾಲಿಕ ನೋಂದಣಿ, ಆದ ದಿನದಿಂದ ಲೆಕ್ಕ. ಹತ್ತು ವರ್ಷ ಅನುಭವ ಇರುವ ವಕೀಲರು ಸರ್ಟಿಫಿಕೇಟ್ ಕೊಡಬೇಕು, ಅದಕ್ಕೆ ಅಲ್ಲಿನ ಪ್ರಧಾನ ನ್ಯಾಯಾಧೀಶರು ಸಹಿ ಹಾಕಬೇಕು. ನೀವು ಬೆಂಗಳೂರಿನಲ್ಲಿ ರೆಗ್ಯುಲರ್ ಕ್ಲಾಸಿನಲ್ಲಿ ಕೂತಿದ್ದರೆ ಕುಮಟಾ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡಿದ್ದೀರಿ ಅಂತ ಯಾರು ಬರೆದುಕೊಡುತ್ತಾರೆ? ಬರೆದುಕೊಟ್ಟರೂ ಅದು ಸುಳ್ಳೇ ಅಲ್ವಾ. ಕುರ್ಚಿ ಹತ್ತುವ ಮೊದಲೇ ಸುಳ್ಳು ಕಾಗದ ಬೇಡ.

ಜಡ್ಜ್ ಆಗುವುದೇ ಗುರಿ ಆಗಿದ್ದರೆ ಎಲ್‌ಎಲ್‌ಎಂ ದಾರಿ ಹತ್ತಿರ ಮಾಡುವುದಿಲ್ಲ. ಒಂದೋ ಎರಡೋ ವರ್ಷ ಹಿಂದೆ ಹಾಕುತ್ತದೆ. ಅಪ್ಪನಿಗೆ ಇದನ್ನು ಓದಿ ಹೇಳಿ.

ಕರಿ ಇಶಾಡ:
ನಮ್ಮ ಅಂಕೋಲೆ ಕಡೆ ಎಲ್‌ಎಲ್‌ಎಂ ಮಾಡುವುದು ಮದುವೆ ಕಾಗದದಲ್ಲಿ ಹೆಸರಿನ ಮುಂದೆ ಉದ್ದ ಕಾಣಲಿ ಅಂತ. ಬೇಜಾರಾಗಬೇಡಿ, ಇದ್ದದ್ದು ಹೇಳಿದೆ. ಕಕ್ಷಿದಾರ ಯಾವತ್ತೂ ನಿಮ್ಮ ಡಿಗ್ರಿ ಕೇಳುವುದಿಲ್ಲ, "ಸ್ಟೇ ಸಿಗುತ್ತಾ" ಅಂತ ಮಾತ್ರ ಕೇಳುತ್ತಾನೆ.

ಮೇಷ್ಟ್ರು, ಶಿರಸಿ:
ಇಶಾಡ ಅವರೇ, ಕಕ್ಷಿದಾರ ಕೇಳದಿದ್ದರೂ ಯುಜಿಸಿ ಕೇಳುತ್ತದೆ. ಈ ಕೂಸಿಗೆ ಪಾಠ ಹೇಳುವ ಮನಸ್ಸಿದ್ದರೆ ಎಲ್‌ಎಲ್‌ಎಂ ಇಲ್ಲದೆ ಆಗುವುದಿಲ್ಲ. ಕಾನೂನು ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಎಲ್‌ಎಲ್‌ಎಂನಲ್ಲಿ ಶೇ. 55 ಅಂಕ, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ. ಮೀಸಲಾತಿ ಇರುವವರಿಗೆ ಶೇ. 50. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ನೆಟ್‌ನಲ್ಲಿ ವಯಸ್ಸಿನ ಮಿತಿ ಇಲ್ಲ. ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಬೇಕಾದರೆ ಮಾತ್ರ ವಯಸ್ಸು ನೋಡುತ್ತಾರೆ. ಜೆಆರ್‌ಎಫ್ ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ನಮ್ಮ ಕಡೆಯ ಹೊಸ ವಕೀಲರ ಮೊದಲೆರಡು ವರ್ಷದ ಸಂಪಾದನೆ ಗೊತ್ತಿದ್ದವರು ಇದನ್ನು ಸುಮ್ನೆ ತಳ್ಳಿಹಾಕುವುದಿಲ್ಲ.

ಈಗ ಒಂದು ವರ್ಷ, ಎರಡು ವರ್ಷದ ಪ್ರಶ್ನೆ. ಮೊದಲು ನಮ್ಮಲ್ಲಿ ಎಲ್ಲ ಎಲ್‌ಎಲ್‌ಎಂ ಎರಡು ವರ್ಷದ್ದೇ. 2012ರ ಯುಜಿಸಿ ಮಾರ್ಗಸೂಚಿಯ ನಂತರ ಒಂದು ವರ್ಷದ್ದು ಶುರುವಾಯಿತು. 2021ರ ಜನವರಿಯಲ್ಲಿ ಬಾರ್ ಕೌನ್ಸಿಲ್ ಹೊಸ ನಿಯಮ ತಂದು ಒಂದು ವರ್ಷದ್ದನ್ನು ನಿಲ್ಲಿಸಲು ಹೊರಟಿತು. ಅದು ಸುಪ್ರೀಂ ಕೋರ್ಟಿಗೆ ಹೋಯಿತು. ರಾಷ್ಟ್ರೀಯ ಕಾನೂನು ಶಾಲೆಗಳಲ್ಲಿ ಒಂದು ವರ್ಷದ್ದು ಇಂದಿಗೂ ನಡೆಯುತ್ತಿದೆ. ನೆಟ್‌ಗೆ, ಪಾಠ ಹೇಳುವುದಕ್ಕೆ ಎರಡೂ ಸಲ್ಲುತ್ತವೆ. ಹಾಗಾಗಿ "ಒಂದು ವರ್ಷದ್ದು ಚಲಾವಣೆ ಇಲ್ಲ" ಅಂತ ಹೆದರಿಸುವವರ ಮಾತು ಕೇಳಬೇಡ.

ವ್ಯತ್ಯಾಸ ಇರುವುದು ಉಸಿರಾಡುವ ಜಾಗದಲ್ಲಿ. ಒಂದು ವರ್ಷದ್ದರಲ್ಲಿ ಸಂಶೋಧನಾ ವಿಧಾನ, ತೌಲನಿಕ ಸಾರ್ವಜನಿಕ ಕಾನೂನು, ಜಾಗತೀಕರಣ ಮತ್ತು ನ್ಯಾಯ ಅಂತ ಮೂರು ಕಡ್ಡಾಯ ಪೇಪರ್, ಆಮೇಲೆ ಐಚ್ಛಿಕ ಪೇಪರ್‌ಗಳು, ಜೊತೆಗೇ ಡಿಸರ್ಟೇಶನ್, ಅಂದರೆ ಸಂಶೋಧನಾ ಪ್ರಬಂಧ. ವಿಷಯ ಹುಡುಕುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಏನು ಬರೆಯಬೇಕು ಅಂತ ಮನೆಯಿಂದ ಹೊರಡುವಾಗಲೇ ಗೊತ್ತಿದ್ದವರಿಗೆ ಅದು ಚೆನ್ನ. ಉಳಿದವರಿಗೆ ಎರಡು ವರ್ಷದ್ದೇ ಒಳ್ಳೆಯದು. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸ್ವಂತ ಕಾನೂನು ಶಾಲೆ ಇದೆ. ಪಕ್ಕದ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗ ಇದೆ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಆಸುಪಾಸು. ಹಬ್ಬಕ್ಕೆ ಮನೆಗೆ ಬರಬಹುದು, ಫೀಸೂ ಕೈಗೆಟುಕುತ್ತದೆ. ಇನ್ನೊಂದು ದೊಡ್ಡ ಅನುಕೂಲ, ಹೈಕೋರ್ಟಿನ ಧಾರವಾಡ ಪೀಠ ಅಲ್ಲೇ ಇದೆ. ನಮ್ಮ ಜಿಲ್ಲೆಯ ಅಪೀಲುಗಳೆಲ್ಲ ಹೋಗುವುದು ಅಲ್ಲಿಗೇ. ಕ್ಲಾಸಿಲ್ಲದ ದಿನ ಹೋಗಿ ಕೂತು ಕೇಳಬಹುದು.

ಕ್ಲಾಟ್ ಬರೆದವನು:
ಬೆಂಗಳೂರು ಅಥವಾ ಬೇರೆ ಎನ್‌ಎಲ್‌ಯು (ರಾಷ್ಟ್ರೀಯ ಕಾನೂನು ಶಾಲೆ) ಬೇಕಾದರೆ ಕ್ಲಾಟ್ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. 120 ಪ್ರಶ್ನೆ, ಎರಡು ಗಂಟೆ, ಒಂದು ತಪ್ಪಿಗೆ ಕಾಲು ಅಂಕ ಕಟ್. ಈಗೀಗ ಡಿಸೆಂಬರಿನಲ್ಲೇ ನಡೆಯುತ್ತದೆ, ಅಂದರೆ ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಜಿ ಹಾಕಿರಬೇಕು. ಅರ್ಜಿ ಫೀಸೇ 4,000, ಎಸ್‌ಸಿ, ಎಸ್‌ಟಿ, ಬಿಪಿಎಲ್‌ಗೆ 3,500. ಎಲ್‌ಎಲ್‌ಬಿಯಲ್ಲಿ ಶೇ. 50 ಇರಬೇಕು, ವಯಸ್ಸಿನ ಮಿತಿ ಇಲ್ಲ. ದೆಹಲಿ ಎನ್‌ಎಲ್‌ಯುಗೆ ಐಲೆಟ್ ಅಂತ ಬೇರೆ ಪರೀಕ್ಷೆ.

ಪ್ರಶ್ನೆ ಬರುವುದು ತೀರ್ಪಿನ ತುಣುಕು ಕೊಟ್ಟು. ಸಂವಿಧಾನ ಜಾಸ್ತಿ. ಗೈಡ್ ಉರುಹೊಡೆದರೆ ಆಗುವುದಿಲ್ಲ, ತೀರ್ಪು ಓದುವ ಅಭ್ಯಾಸ ಬೇಕು. ಪೇಪರ್ ಇಂಗ್ಲಿಷಿನಲ್ಲಿ ಮಾತ್ರ.

ನೇವಿ ಗೇಟ್:
ಕ್ಲಾಟ್ ಪಿಜಿ ಅಂಕಕ್ಕೆ ಇನ್ನೊಂದು ಉಪಯೋಗ ಇದೆ, ಯಾರೂ ಹೇಳಲಿಲ್ಲ. ಸೇನೆಯ ಜ್ಯಾಗ್ ವಿಭಾಗಕ್ಕೆ, ಅಂದರೆ ಸೇನೆಯ ಒಳಗಿನ ಕಾನೂನು ಅಧಿಕಾರಿ ಹುದ್ದೆಗೆ, ಅರ್ಜಿ ಹಾಕಲು ಈಗ ಕ್ಲಾಟ್ ಪಿಜಿ ಸ್ಕೋರ್ ಬೇಕು. ಕೆಲವು ಸಾರ್ವಜನಿಕ ವಲಯದ ಕಂಪನಿಗಳೂ ಲಾ ಆಫೀಸರ್ ತಗೊಳ್ಳುವಾಗ ಅದೇ ಅಂಕ ನೋಡಿದ್ದುಂಟು. ಹಾಗಾಗಿ ಎಲ್‌ಎಲ್‌ಎಂ ಸೇರದಿದ್ದರೂ ಪರೀಕ್ಷೆ ಒಮ್ಮೆ ಬರೆದಿಡಿ. ಕದಂಬ ನೌಕಾನೆಲೆ ಕಣ್ಣೆದುರಿಗೇ ಇದ್ದರೂ ನಮ್ಮ ಕಾರವಾರದ ಹುಡುಗರಿಗೆ ಈ ದಾರಿ ಹೊಳೆಯುವುದಿಲ್ಲ.

ಮಡಗಾಂವ್ ಪ್ಯಾಸೆಂಜರ್:
ಗೋವಾ ಕೇಳಿದ್ದೀರಿ. ಪಣಜಿಯ ಮಿರಾಮಾರಿನಲ್ಲಿ ಸಾಳಗಾಂವ್ಕರ್ ಕಾನೂನು ಕಾಲೇಜು ಇದೆ, ಎಲ್‌ಎಲ್‌ಎಂ ಇದೆ. ಕಾರವಾರದವರಿಗೆ ರೈಲಿನಲ್ಲಿ ಮಡಗಾಂವ್ ತಲುಪುವುದು ಹುಬ್ಬಳ್ಳಿಗೆ ಘಟ್ಟ ಹತ್ತುವುದಕ್ಕಿಂತ ಸುಲಭ. ಆದರೆ ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಇನ್ನೂ ಜಾರಿಯಲ್ಲಿದೆ. ಆಸ್ತಿ, ಉತ್ತರಾಧಿಕಾರದ ಚರ್ಚೆ ಅಲ್ಲಿ ಬೇರೆಯದೇ ಧಾಟಿ. ಓದಲು ಸೊಗಸಾಗಿದೆ, ಕುಮಟಾ ಕೋರ್ಟಿಗೆ ಅದರಿಂದ ಉಪಯೋಗ ಕಮ್ಮಿ.

ನನ್ನ ಸಲಹೆ ಬೇರೆ. ಕರಾವಳಿಯವರು ಸಮುದ್ರ ಕಾನೂನು ಯಾಕೆ ನೋಡುವುದಿಲ್ಲ? ಹಡಗು ಜಪ್ತಿ, ಸರಕಿನ ತಕರಾರು, ಅಪಘಾತದ ಪರಿಹಾರ, ಇವಕ್ಕೆಲ್ಲ 2017ರ ಅಡ್ಮಿರಾಲ್ಟಿ ಕಾಯ್ದೆ ಇದೆ. 2018ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಅಧಿಕಾರ ಸಿಕ್ಕ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 2025ರಲ್ಲಿ ಸಂಸತ್ತು 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯನ್ನೂ 1908ರ ಬಂದರು ಕಾಯ್ದೆಯನ್ನೂ ತೆಗೆದು ಹೊಸದು ತಂದಿತು. ಎಲ್ಲವೂ ಹೊಸದಾಗಿ ಶುರುವಾಗುವ ಹೊತ್ತಿನಲ್ಲಿ ಸೇರಿದವರಿಗೆ ಹಿರಿಯರ ಪೈಪೋಟಿ ಕಮ್ಮಿ. ಗಾಂಧಿನಗರದ ಗುಜರಾತ್ ಮ್ಯಾರಿಟೈಮ್ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಎಲ್‌ಎಲ್‌ಎಂ ಇದೆ. ಹೊರದೇಶದಲ್ಲಿ ಮಾಲ್ಟಾದ ಸಂಸ್ಥೆ ಹೆಸರುವಾಸಿ, ವಿಶ್ವಸಂಸ್ಥೆಯ ಸಮುದ್ರ ಸಂಘಟನೆ 1988ರಲ್ಲಿ ಶುರು ಮಾಡಿದ್ದು.

ಸದಾಶಿವಗಡ:
ಪ್ಯಾಸೆಂಜರ್ ಅವರೇ, ಮಾತು ಸರಿ. ಆದರೆ ಅದನ್ನು ಓದಿದವರು ಕೆಲಸಕ್ಕೆ ಮುಂಬೈಗೋ ಕೊಚ್ಚಿಗೋ ಹೋಗಬೇಕು. ಕಾರವಾರ ಬಂದರಿನಲ್ಲಿ ಎಷ್ಟು ಹಡಗು ಜಪ್ತಿ ಆಗುತ್ತವೆ ಹೇಳಿ? ಇಲ್ಲಿನ ಸಮುದ್ರದ ಕೇಸು ಅಂದರೆ ಮೀನುಗಾರರದ್ದು. 2020ರ ಜನವರಿಯಲ್ಲಿ ಟಾಗೋರ್ ಕಡಲತೀರದಲ್ಲಿ ಬಂದರು ವಿಸ್ತರಣೆ ವಿರುದ್ಧ ನಡೆದ ಗಲಾಟೆ ನೆನಪಿದೆಯಲ್ಲ. ಅಂಥ ಕೇಸಿಗೆ ಬೇಕಾದದ್ದು ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ, ಪರಿಸರ ಅನುಮತಿಯ ಕಾಗದ, ಮೀನುಗಾರರ ಹಕ್ಕು. ಅದು ಪರಿಸರ ಕಾನೂನು.

ಅಘನಾಶಿನಿ ದಂಡೆ:
ನಾನು ಎಲ್‌ಎಲ್‌ಎಂ ಮಾಡಿ ಈಗ ಸಂಶೋಧನೆಯಲ್ಲಿದ್ದೇನೆ. ಇಲ್ಲಿ ಎಲ್ಲರೂ ಕಾಲೇಜು, ವರ್ಷ, ಪರೀಕ್ಷೆ ಅಂತ ಮಾತಾಡುತ್ತಿದ್ದಾರೆ. ಬಾಡದ ತಂಗಿ, ಎಲ್‌ಎಲ್‌ಎಂನಲ್ಲಿ ಕೊನೆಗೆ ನಿನ್ನದು ಅಂತ ಉಳಿಯುವುದು ಡಿಸರ್ಟೇಶನ್ ಒಂದೇ. ಅದಕ್ಕೆ ಯಾರು ಗೈಡ್ ಅನ್ನುವುದನ್ನು ಮೊದಲು ನೋಡು, ಕಾಲೇಜಿನ ಹೆಸರು ಆಮೇಲೆ.

ಅಂಗಡಿಗೆ ಬರುವ ಪಹಣಿಯನ್ನೇ ತಗೋ. ಕಾಲಂ 9ರಲ್ಲಿ ಒಬ್ಬರ ಹೆಸರು, ಕಾಲಂ 11ರಲ್ಲಿ ಸೊಸೈಟಿ ಸಾಲ, ಕಾಲಂ 12ರಲ್ಲಿ ಸಾಗುವಳಿ. ನೀನು ಇದನ್ನು ಚಿಕ್ಕಂದಿನಿಂದ ನೋಡಿದವಳು. ಈ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಗಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದದ್ದು. ಹಾಗಾಗಿ ಹಳೆಯ ದಾಖಲೆಯ ಭಾಷೆ, ಗೇಣಿ ಕಾನೂನು ಎಲ್ಲ ಮುಂಬಯಿ ಕಡೆಯದು. ಘಟ್ಟದ ಮೇಲೆ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಸೌಲಭ್ಯ ಬೇರೆ. ಬೆಂಗಳೂರಿನ ಒಳ್ಳೆ ಪ್ರಾಧ್ಯಾಪಕರೊಬ್ಬರ ಎದುರು ನಾನು "ಬೆಟ್ಟ" ಅಂದಾಗ ಅವರು ಗುಡ್ಡ ಹತ್ತುವ ವಿಷಯ ಅಂದುಕೊಂಡರು. ಒಳ್ಳೆ ಮನುಷ್ಯರು, ಓದಿದವರು. ಆದರೂ ನನ್ನ ಮೊದಲ ಎರಡು ತಿಂಗಳು ಅವರಿಗೆ ಬೆಟ್ಟ ಅಂದರೇನು ಅಂತ ಹೇಳುವುದರಲ್ಲೇ ಹೋಯಿತು.

ಈಗ ವಿಷಯ ಹೇಗೆ ಆರಿಸಬೇಕು ಅಂತ ಒಂದು ಉದಾಹರಣೆ ಕೊಡುತ್ತೇನೆ. "ಅರಣ್ಯ ಹಕ್ಕು ಕಾಯ್ದೆ 2006: ಒಂದು ವಿಮರ್ಶಾತ್ಮಕ ಅಧ್ಯಯನ" ಅಂತ ಬರೆದರೆ ಅದು ರದ್ದಿ. ಅಂಥವು ಪ್ರತಿ ಗ್ರಂಥಾಲಯದಲ್ಲೂ ಅಟ್ಟಿ ಅಟ್ಟಿ ಇವೆ. ಅದನ್ನು ಕೊರೆಯುತ್ತಾ ಹೋಗು. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು ಅಲ್ಲಿದ್ದರು ಅಂತ ತೋರಿಸಬೇಕು. ತಲೆಮಾರಿಗೆ 25 ವರ್ಷ. ಅಂದರೆ 75 ವರ್ಷ, ಅಂದರೆ 1930. 1930ರ ಕಾಗದ ಯಾವ ಹಾಲಕ್ಕಿ ಮನೆಯಲ್ಲಿ, ಯಾವ ನಾಮಧಾರಿ ಮನೆಯಲ್ಲಿ ಸಿಗುತ್ತದೆ? ಮಳೆ, ಗೆದ್ದಲು, ಬೆಂಕಿ, ಯಾವುದಾದರೂ ಒಂದು ತಿಂದು ಹಾಕಿರುತ್ತದೆ. ಆದರೆ ನಿಯಮ 13 ಕಾಗದವನ್ನೇ ಕೇಳುವುದಿಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕೆ ಇಳಿಸಿದರೆ ಅದೂ ಸಾಕ್ಷ್ಯವೇ. ಒಂದಕ್ಕಿಂತ ಜಾಸ್ತಿ ಬಗೆಯ ಸಾಕ್ಷ್ಯ ನೋಡಬೇಕು ಅಂತಲೂ ಇದೆ. ಇಷ್ಟಿದ್ದೂ ಅರ್ಜಿಗಳು ತಿರಸ್ಕಾರ ಆಗುವುದು ಯಾಕೆ? 75 ವರ್ಷ ಅಂದರೆ ಅದೇ ಗುಂಟೆ ಜಾಗದ ಸಾಗುವಳಿಯಾ, ಆ ಪ್ರದೇಶದ ವಾಸವಾ? ಒಂದೇ ತಾಲೂಕಿನ ತಿರಸ್ಕಾರದ ಹಿಂಬರಹಗಳನ್ನು ತಗೊಂಡು ಕೂತು, ಯಾವುದರಲ್ಲಿ ಕಾರಣ ಬರೆದಿದ್ದಾರೆ, ಯಾವುದರಲ್ಲಿ ಅಚ್ಚು ಹಾಕಿದ ಒಂದೇ ಸಾಲು ಇದೆ, ಹಿರಿಯರ ಹೇಳಿಕೆ ಯಾವುದರಲ್ಲಿ ಪರಿಗಣಿಸಿದ್ದಾರೆ ಅಂತ ನೋಡಿದರೆ ಅದು ಡಿಸರ್ಟೇಶನ್. ನಾಳೆ ಅದೇ ವಿಷಯದ ರಿಟ್ ಹಾಕುವ ವಕೀಲರು ನಿನ್ನ ಮನೆ ಹುಡುಕಿಕೊಂಡು ಬರುತ್ತಾರೆ.

ಇದಕ್ಕೆ ಊರು ಹತ್ತಿರ ಇರಬೇಕು, ಕನ್ನಡ ದಾಖಲೆ ಓದುವ ಗೈಡ್ ಬೇಕು, ಎರಡು ವರ್ಷ ಬೇಕು. ಹಾಗಾಗಿ ನನ್ನ ಓಟು ಧಾರವಾಡ-ಹುಬ್ಬಳ್ಳಿಗೆ. ಕರಾವಳಿ ವಿಷಯ ಬೇಕಾದರೂ ಇದೇ ಮಾತು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಸೇರಿದ್ದರಿಂದ ಬಳಚು (ಚಿಪ್ಪುಮೀನು) ಆರಿಸುವವರಿಗೆ ಕಾನೂನಿನಲ್ಲಿ ಏನು ಬದಲಾಯಿತು? ನನಗೆ ತಿಳಿದಂತೆ ಕೆಲಸ ಮಾಡಬೇಕಾದ ಒಳ್ಳೆಯ ಪ್ರಶ್ನೆ ಅದು.

ಬಾಡದ ಹುಡುಗಿ:
ದಂಡೆ ಅಕ್ಕ, ನಿಮ್ಮ ಉತ್ತರ ಅಮ್ಮನಿಗೂ ಓದಿ ಹೇಳಿದೆ. ಅಮ್ಮ "ಬಳಚಿನ ವಿಷಯ ಆದರೆ ನಾನೇ ಹೇಳುತ್ತೇನಲ್ಲ, ಅದಕ್ಕೆ ಧಾರವಾಡಕ್ಕೆ ಯಾಕೆ" ಅಂದರು.

ಎರಡು ಸಂದೇಹ. ನಾನು ಎಲ್‌ಎಲ್‌ಬಿ ಪರೀಕ್ಷೆ ಪೂರ್ತಿ ಕನ್ನಡದಲ್ಲಿ ಬರೆದವಳು. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ, ಬರೆಯುವಾಗ ಕೈ ಓಡುವುದಿಲ್ಲ. ಇನ್ನೊಂದು, ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಎಲ್‌ಎಲ್‌ಎಂ ಅಂತ ಜಾಹೀರಾತು ಬರುತ್ತಿರುತ್ತದೆ. ಅದು ಆಗುತ್ತದಾ?

ಮೇಷ್ಟ್ರು, ಶಿರಸಿ:
ಎರಡನೆಯದಕ್ಕೆ ಮೊದಲು ಉತ್ತರ. ಬೇಡ. ಆನ್‌ಲೈನ್, ದೂರಶಿಕ್ಷಣ, ಹೈಬ್ರಿಡ್ ಅಂತ ಅನುಮತಿ ಇಲ್ಲದೆ ನಡೆಸುವ ಎಲ್‌ಎಲ್‌ಎಂಗಳ ವಿರುದ್ಧ ಬಾರ್ ಕೌನ್ಸಿಲ್ 2025ರಲ್ಲಿ ಎಚ್ಚರಿಕೆ ಕೊಟ್ಟಿದೆ. ಹೆಸರಿನ ಪಕ್ಕ "ಪ್ರೊಫೆಷನಲ್" ಅಂತ ಸೇರಿಸಿದ್ದೂ ಅದರಲ್ಲೇ ಬಂತು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು ಬಿಸಿನೆಸ್ ಲಾಗೆ ದೂರದಿಂದ ಓದುವ ಒಂದು ಮಾಸ್ಟರ್ಸ್ ಕೊಡುತ್ತದೆ. ಕೆಲಸದಲ್ಲಿರುವವರಿಗೆ ಅದು ಒಳ್ಳೆಯದೇ. ಆದರೆ ಅದು ಎಲ್‌ಎಲ್‌ಎಂ ಅಲ್ಲ, ಅದನ್ನು ಹಿಡಿದು ಪಾಠ ಹೇಳಲು ಬರುವುದಿಲ್ಲ. ನನ್ನ ಪರಿಚಯದ ಹುಡುಗನೊಬ್ಬ ಹೊರರಾಜ್ಯದ ಯಾವುದೋ ದೂರಶಿಕ್ಷಣದ ಎಲ್‌ಎಲ್‌ಎಂ ತಂದ. ಸಂದರ್ಶನದ ದಿನ ದಾಖಲೆ ಪರಿಶೀಲನೆಯ ಮೇಜಿನ ಹತ್ತಿರವೇ ಅವನ ಕತೆ ಮುಗಿಯಿತು.

ಇಂಗ್ಲಿಷಿನ ವಿಷಯ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೀನು ಕೇಳಿದ್ದು ಒಳ್ಳೆಯದಾಯಿತು. ನೆಟ್ ಕಾನೂನು ಪೇಪರ್ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಡಿಸರ್ಟೇಶನ್ ಇಂಗ್ಲಿಷಿನಲ್ಲೇ ಬರೆಯಬೇಕಾದೀತು. ಆದರೆ ಅದಕ್ಕೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುವುದು ದಂಡ. ದಿನಕ್ಕೊಂದು ತೀರ್ಪು ತಗೋ, ಧಾರವಾಡ ಪೀಠದ್ದೇ ಆಗಲಿ. ವಾಸ್ತವಾಂಶ, ಪ್ರಶ್ನೆ, ಕಾರಣ, ಆದೇಶ, ಇಷ್ಟನ್ನು ಅರ್ಧ ಪುಟ ಇಂಗ್ಲಿಷಿನಲ್ಲಿ ಬರೆ. ವ್ಯಾಕರಣ ತಪ್ಪಲಿ, ಪರವಾಗಿಲ್ಲ. ಕಾನೂನಿನ ಇಂಗ್ಲಿಷ್ ಸಣ್ಣ ಊರು, ಹತ್ತಾರು ಬೀದಿ ತಿಳಿದರೆ ದಾರಿ ತಪ್ಪುವುದಿಲ್ಲ. ಕನ್ನಡ ದಾಖಲೆ ಸರಾಗವಾಗಿ ಓದುವುದು ನಿನಗೆ ಈಗಾಗಲೇ ಬರುತ್ತದೆ. ಎನ್‌ಎಲ್‌ಯುನಿಂದ ಬಂದ ಎಷ್ಟೋ ಮಕ್ಕಳಿಗೆ ಹಳೆಯ ದಾಖಲೆಗಳ ಮೋಡಿ ಲಿಪಿ ಬಿಡು, ಕೈಬರಹದ ಕನ್ನಡ ಪಹಣಿಯೇ ಓದಲು ಬರುವುದಿಲ್ಲ.

ಸದಾಶಿವಗಡ:
ದಂಡೆ ಅವರ ಮಾತು ಚೆನ್ನಾಗಿದೆ, ಆದರೂ ನನ್ನದೊಂದು ತಕರಾರು. ಆ ಹಿಂಬರಹಗಳ ವಿಷಯ ಅವರಿಗೆ ಹೊಳೆದದ್ದು ಕೆಲಸ ನೋಡಿದ ಮೇಲೆ. ಎಲ್‌ಎಲ್‌ಬಿ ಮುಗಿಸಿ ನೇರ ಹೋದವರಿಗೆ ಪ್ರಶ್ನೆ ಪುಸ್ತಕದಿಂದ ಬರುತ್ತದೆ. ಎರಡು ಮೂರು ವರ್ಷ ಕೋರ್ಟು, ಎಸಿ (ಉಪವಿಭಾಗಾಧಿಕಾರಿ) ಆಫೀಸು, ಅರಣ್ಯ ಇಲಾಖೆ ಅಂತ ಓಡಾಡಿದವರಿಗೆ ಪ್ರಶ್ನೆ ತಾನಾಗಿ ಮೈಮೇಲೆ ಬರುತ್ತದೆ. ಆಮೇಲೆ ಎಲ್‌ಎಲ್‌ಎಂ ಮಾಡಲಿ. ಆ ಹೊತ್ತಿಗೆ ಜಡ್ಜ್ ಪರೀಕ್ಷೆಯ ಮೂರು ವರ್ಷವೂ ಮುಗಿದಿರುತ್ತದೆ.

ಅಘನಾಶಿನಿ ದಂಡೆ:
ಹೇಳುವುದು ಸುಲಭ ಸರ್. ಆಫೀಸು ಸೇರಿದ ಹುಡುಗಿ ಮೂರು ವರ್ಷ ಬಿಟ್ಟು ಮತ್ತೆ ಕ್ಲಾಸಿಗೆ ಹೋಗಿದ್ದನ್ನು ನಮ್ಮ ಕಡೆ ಎಷ್ಟು ನೋಡಿದ್ದೀರಿ? ಅಷ್ಟರಲ್ಲಿ ಮನೆಯವರು ಮದುವೆ ಅಂತಾರೆ, ಸೀನಿಯರ್ ಬಿಡುವುದಿಲ್ಲ, ಕೈಯಲ್ಲಿ ನಾಲ್ಕು ಫೈಲ್ ಇರುತ್ತದೆ. ಗಂಡುಮಕ್ಕಳಿಗೆ "ಆಮೇಲೆ" ಅನ್ನುವುದು ಇದೆ. ನಮಗೆ ಅದು ಅಷ್ಟು ಗ್ಯಾರಂಟಿ ಅಲ್ಲ.

ಕರಿ ಇಶಾಡ:
ಇದಕ್ಕೆ ಮಾತ್ರ ನನ್ನ ಹತ್ತಿರ ಜೋಕ್ ಇಲ್ಲ.

ಸದಾಶಿವಗಡ:
ಒಪ್ಪಿದೆ ತಂಗಿ. ಅದು ನಮ್ಮ ಬಾರಿನಲ್ಲಿ ಕಣ್ಣೆದುರೇ ಇದೆ.

ಹಾಗಿದ್ದರೆ ಇನ್ನೊಂದು ವಿಷಯ ತಿಳಿದಿರಲಿ. ಎಲ್‌ಎಲ್‌ಎಂ ಆದ ಮೇಲೆ ಪಾಠ ಹೇಳುವುದು, ವಕೀಲಿಕೆ ಎರಡನ್ನೂ ಹಿಡಿಯುವ ಆಸೆ ಇದ್ದರೆ ನಿಯಮ ಇದೆ. ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಇಟ್ಟುಕೊಂಡೇ ಕಾನೂನು ಪಾಠ ಹೇಳಬಹುದು, ದಿನಕ್ಕೆ ಮೂರು ಗಂಟೆ ಮೀರಬಾರದು. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದರೆ ಸನ್ನದು ತಡೆಹಿಡಿಸಬೇಕು. ಶಿರಸಿ, ಕಾರವಾರದಂಥ ಊರಿಗೆ ಈ ಮೂರು ಗಂಟೆಯ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ಬಾಡದ ಹುಡುಗಿ:
ಮನೆಯಲ್ಲಿ ಮಾತಾಯಿತು. ಸೋದರಮಾವನ ಕಾರ್ಪೊರೇಟ್ ಲಾ ಕೈಬಿಟ್ಟೆ, ಅವರಿಗೆ ಸ್ವಲ್ಪ ಸಿಟ್ಟು. ಫಲಿತಾಂಶ ಬಂದ ಕೂಡಲೇ ಎನ್‌ರೋಲ್ ಆಗುತ್ತೇನೆ. 2024ರ ತೀರ್ಪಿನ ನಂತರ ಶುಲ್ಕ 750 ರೂಪಾಯಿ ಮಾತ್ರ ಅಂತ ಅಪ್ಪ ತಾವೇ ಹುಡುಕಿ ಹೇಳಿದರು! ವಕೀಲರ ಅರ್ಹತಾ ಪರೀಕ್ಷೆ ಎಐಬಿಇ ಬರೆಯುತ್ತೇನೆ. ಹುಬ್ಬಳ್ಳಿ-ಧಾರವಾಡದ ಎರಡು ವರ್ಷದ್ದಕ್ಕೆ ಅರ್ಜಿ ಹಾಕುತ್ತೇನೆ, ಡಿಸೆಂಬರಿನಲ್ಲಿ ಕ್ಲಾಟ್ ಕೂಡ. ಜಡ್ಜ್ ಪರೀಕ್ಷೆಯ ಮೂರು ವರ್ಷ ಎಲ್‌ಎಲ್‌ಎಂ ಮುಗಿದ ಮೇಲೆ ನೋಡಿದರಾಯಿತು ಅಂತ ಅಪ್ಪನೂ ಒಪ್ಪಿದ್ದಾರೆ.

ಎಲ್‌ಎಲ್‌ಎಂ ಸೇರುವವರೆಗಿನ ತಿಂಗಳುಗಳಲ್ಲಿ ಕುಮಟಾದಲ್ಲಿ ಯಾರಾದರೂ ಹಿರಿಯ ವಕೀಲರ ಆಫೀಸಿಗೆ ಹೋಗಿ ಕೂರಬೇಕು ಅಂತಿದ್ದೇನೆ. ಹೋದಾಗ ಏನು ಕೇಳಬೇಕು?

ಸದಾಶಿವಗಡ:
ಏನೂ ಕೇಳಬೇಡಿ. ಹಳೆಯ ಕೇಸಿನ ಒಂದು ಕಟ್ಟು ಕೊಡಿ, ಓದುತ್ತೇನೆ ಅನ್ನಿ. ಕೊಟ್ಟರೆ ಅಲ್ಲೇ ಇರಿ. ಬರೀ ತಾರೀಖು ತಗೊಂಡು ಬಾ ಅಂತ ದಿನಾ ಕೋರ್ಟಿಗೆ ಓಡಿಸಿದರೆ ಬೇರೆ ಆಫೀಸು ನೋಡಿ.

ಅಘನಾಶಿನಿ ದಂಡೆ:
ಮತ್ತೆ ಅಮ್ಮ ಬಳಚಿನ ಬಗ್ಗೆ ಹೇಳುವುದನ್ನು ಈಗಿನಿಂದಲೇ ಬರೆದಿಡು. ಯಾವ ಜಾಗದಲ್ಲಿ ಆರಿಸುತ್ತಿದ್ದರು, ಯಾವ ವರ್ಷ ನಿಂತಿತು, ಯಾರು ಬಂದು ತಡೆದರು, ತಾರೀಖು ಸಮೇತ.